ಕ್ರೋಮೋಸೋಮಿನ ತುದಿ ಇಲ್ಲ ಅಂದರೆ ಮಗುವಿನ ಮಿದುಳಿಗೆ ಏನಾಗಿರುತ್ತದೆ?

ಪ್ರಶ್ನೆ: ನಾವು ಚಳ್ಳಕೆರೆ ತಾಲೂಕಿನವರು, ಶೇಂಗಾ ಬೆಳೆಯುವ ಮನೆ. ನಮ್ಮ ಮೊದಲ ಮಗುವಿಗೆ ಈಗ ಮೂರು ತಿಂಗಳು. ದಿನ ತುಂಬಿಯೇ ಹುಟ್ಟಿದ, ಆದರೆ ತೂಕ 2.3 ಕೆ.ಜಿ. ಮಾತ್ರ. ಹಾಲು ಚೀಪುತ್ತಿರಲಿಲ್ಲ, ಮೈ ಹತ್ತಿಯ ಹಾಗೆ ಮೆತ್ತಗಿತ್ತು. ಮೂರನೇ ದಿನ ಫಿಟ್ಸ್ ಬಂತು, 16 ದಿನ ಎನ್‌ಐಸಿಯುನಲ್ಲಿ ಇಟ್ಟರು. ರಕ್ತ ಪರೀಕ್ಷೆಯಲ್ಲಿ '1ಪಿ36 ಡಿಲೀಷನ್' ಎಂದು ಬಂದಿದೆ. ಎಂಆರ್‌ಐನಲ್ಲಿ ಎಡ-ಬಲ ಮಿದುಳಿನ ನಡುವಿನ ಭಾಗ ತೆಳ್ಳಗಿದೆ ಎಂದಿದ್ದಾರೆ. 'ಮಿದುಳು ಬೆಳೆದಿಲ್ಲ' ಎಂದಷ್ಟೇ ಹೇಳಿ ಕಳಿಸಿದರು. ನನ್ನ ಹೆಂಡತಿ ನನ್ನ ಅಕ್ಕನ ಮಗಳು. ಸಂಬಂಧದಲ್ಲಿ ಮದುವೆ ಆಗಿದ್ದಕ್ಕೇ ಹೀಗಾಯಿತು ಅಂತ ಕೆಲವರು, ಗ್ರಹಣದ ದಿನ ಅವಳು ಹೊರಗೆ ಬಂದಿದ್ದಳು ಅಂತ ಕೆಲವರು ಹೇಳುತ್ತಾರೆ. ಅವಳು ಅತ್ತೂ ಅತ್ತೂ ಸೋತಿದ್ದಾಳೆ. ಮಗುವಿನ ಮಿದುಳಿಗೆ ನಿಜವಾಗಿ ಏನಾಗಿದೆ? ಸರಿಹೋಗುತ್ತಾನಾ? ಮುಂದಿನ ಮಗುವಿಗೂ ಹೀಗೇ ಆಗುತ್ತಾ? ಹಿರಿಯರು ನಾಮಕರಣ ಈಗ ಬೇಡ, ನೋಡೋಣ ಅನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ದಾವಣಗೆರೆಯಲ್ಲಿ ಮಕ್ಕಳ ನರರೋಗ ನೋಡುವ ನನ್ನ ಮುಂದೆ ಇಂಥ ಅಪ್ಪ-ಅಮ್ಮ ಬಂದು ಕೂರುತ್ತಲೇ ಇರುತ್ತಾರೆ. ಕೈಯಲ್ಲಿ ದೊಡ್ಡ ಫೈಲ್ ಇರುತ್ತದೆ. ಅದರಲ್ಲಿ ಏನಿದೆ ಅಂತ ಕೂತು ಹೇಳಿದವರು ಇರುವುದಿಲ್ಲ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ನಿಮ್ಮ ಹೆಂಡತಿಗೆ ಒಂದು ಮಾತು. ಅಮ್ಮಾ, ನೀವು ಮಾಡಿದ ಯಾವುದರಿಂದಲೂ ಇದು ಆಗಿಲ್ಲ. ಗ್ರಹಣದ ಬೆಳಕಿಗಾಗಲಿ ನೆರಳಿಗಾಗಲಿ ಕ್ರೋಮೋಸೋಮನ್ನು ಮುರಿಯುವ ಶಕ್ತಿ ಇಲ್ಲ. ನೀವು ತಿಂದದ್ದು, ಎತ್ತಿದ ಭಾರ, ಹೊಲದಲ್ಲಿ ಬಗ್ಗಿ ಮಾಡಿದ ಕೆಲಸ, ಯಾವುದೂ ಕಾರಣ ಅಲ್ಲ. ಇಂಥ ತುಂಡಾಗುವಿಕೆ ಹೆಚ್ಚಾಗಿ ಅಂಡಾಣು ಅಥವಾ ವೀರ್ಯಾಣು ತಯಾರಾಗುವ ಹೊತ್ತಲ್ಲಿ, ಇಲ್ಲವೇ ಅವೆರಡೂ ಸೇರಿದ ಮೊದಲ ದಿನಗಳಲ್ಲಿ ನಡೆದುಹೋಗಿರುತ್ತದೆ. ಆಗ ನೀವು ಬಸುರಿ ಅಂತ ನಿಮಗೇ ಗೊತ್ತಿರಲಿಲ್ಲ. ಆ ಗ್ರಹಣ ಬರುವ ಎಷ್ಟೋ ಮೊದಲೇ ಇದು ಆಗಿಹೋಗಿತ್ತು.

ಈಗ ರಿಪೋರ್ಟಿಗೆ ಬರೋಣ. ಮೈ ಕಟ್ಟುವ ಸೂಚನೆಗಳಿಗೆ ಜೀನ್ ಎನ್ನುತ್ತಾರೆ, ಅವನ್ನು ಹೊತ್ತ ಎಳೆಗಳೇ ಕ್ರೋಮೋಸೋಮ್. ನಮ್ಮ ಒಂದೊಂದು ಜೀವಕೋಶದಲ್ಲೂ 46 ಕ್ರೋಮೋಸೋಮ್ ಇರುತ್ತವೆ, ಅಂದರೆ 23 ಜೋಡಿ. ಈ ಎಣಿಕೆ ಖಚಿತವಾದದ್ದೇ 1956ರಲ್ಲಿ. ಪ್ರತಿ ಜೋಡಿಯಲ್ಲಿ ಒಂದು ಅಮ್ಮನಿಂದ, ಇನ್ನೊಂದು ಅಪ್ಪನಿಂದ. ಎಲ್ಲಕ್ಕಿಂತ ದೊಡ್ಡದಕ್ಕೆ 1 ಎಂದು ನಂಬರ್ ಕೊಟ್ಟಿದ್ದಾರೆ. ಪ್ರತಿ ಕ್ರೋಮೋಸೋಮಿಗೂ ಒಂದು ಗಿಡ್ಡ ತೋಳು, ಒಂದು ಉದ್ದ ತೋಳು. 'ಪಿ' ಅಂದರೆ ಗಿಡ್ಡ ತೋಳು. '36' ಅಂದರೆ ಆ ತೋಳಿನ ಕೊಟ್ಟಕೊನೆಯ ಭಾಗ. ನಿಮ್ಮ ಮಗನ ಎರಡು ಒಂದನೇ ಕ್ರೋಮೋಸೋಮುಗಳಲ್ಲಿ ಒಂದರ ತುದಿ ಇಲ್ಲ. ಇನ್ನೊಂದು ಪೂರ್ತಿ ಇದೆ. 5,000ದಿಂದ 10,000 ಮಕ್ಕಳಲ್ಲಿ ಒಬ್ಬರಿಗೆ ಹೀಗೆ ಆಗುತ್ತದೆ. ನಿಮ್ಮ ಊರಲ್ಲಿ ಇನ್ನೊಬ್ಬರು ಸಿಗಲಿಕ್ಕಿಲ್ಲ. ಆದರೆ ಕ್ರೋಮೋಸೋಮಿನ ತುದಿ ಕಳೆದುಹೋಗುವ ತೊಂದರೆಗಳಲ್ಲಿ ಇದೇ ಹೆಚ್ಚು ಕಾಣುವಂಥದ್ದು.

ಒಂದು ಪೂರ್ತಿ ಇದೆಯಲ್ಲ, ಅದರಲ್ಲೇ ನಡೆಯಬಾರದಾ? ಈ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ, ಕೇಳಬೇಕಾದದ್ದೇ. ಬಹಳಷ್ಟು ಜೀನ್‌ಗಳಿಗೆ ಒಂದೇ ಪ್ರತಿ ಸಾಕು. ಆದರೆ ಕೆಲವು ಜೀನ್‌ಗಳು ಅಳತೆ ಮೇಲೆ ಕೆಲಸ ಮಾಡುತ್ತವೆ. ಅರ್ಧ ಅಳತೆ ಅವಕ್ಕೆ ಸಾಲದು. ಕೆಲವು ಕಡೆ ಒಂದೂವರೆ ಅಳತೆಯೂ ತೊಂದರೆ ಮಾಡುತ್ತದೆ. ಡೌನ್ ಸಿಂಡ್ರೋಮಿನಲ್ಲಿ ಆಗುವುದು ಅದೇ. ಅಲ್ಲಿ 21ನೇ ಕ್ರೋಮೋಸೋಮ್ ಮೂರು ಇರುತ್ತವೆ. ಒಂದನೇ ಕ್ರೋಮೋಸೋಮಿನ ಈ ತುದಿಯಲ್ಲಿ ಅಳತೆಗೆ ಸೂಕ್ಷ್ಮವಾದ ಜೀನ್‌ಗಳು ಒತ್ತೊತ್ತಾಗಿ ಕೂತಿವೆ. ಅದರಲ್ಲಿ ಆರ್‌ಇಆರ್‌ಇ ಎಂಬುದು ಒಂದೇ ಕೆಟ್ಟರೂ ಮಿದುಳು, ಕಣ್ಣು, ಹೃದಯ ಮೂರಕ್ಕೂ ಪೆಟ್ಟು ಬೀಳಬಹುದು. ಹಾಗಾಗಿಯೇ ಕ್ರೋಮೋಸೋಮಿನ ತೊಂದರೆ ಇರುವ ಮಗುವಿನಲ್ಲಿ ಒಂದೇ ಅಂಗ ಕೆಟ್ಟಿರುವುದಿಲ್ಲ. ಒಂದು ತುಂಡಿನ ಜೊತೆ ಹತ್ತಾರು ಜೀನ್‌ಗಳು ಹೋಗಿರುತ್ತವೆ.

ಮಿದುಳೇ ಯಾಕೆ ಇಷ್ಟು ಜಾಸ್ತಿ ಪೆಟ್ಟು ತಿನ್ನುತ್ತದೆ? ಮನುಷ್ಯನಿಗೆ ಇರುವ ಸುಮಾರು 20,000 ಜೀನ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಿದುಳಿನಲ್ಲಿ ಒಂದಲ್ಲ ಒಂದು ಹೊತ್ತಿನಲ್ಲಿ ಕೆಲಸ ಮಾಡುತ್ತವೆ. ಕ್ರೋಮೋಸೋಮಿನ ಎಲ್ಲಿ ತುಂಡಾದರೂ ಮಿದುಳಿಗೆ ಬೇಕಾದ ಏನೋ ಒಂದು ಅದರ ಜೊತೆ ಹೋಗಿಯೇ ಹೋಗುತ್ತದೆ.

ಈ 'ಹೊತ್ತು' ಅನ್ನುವುದು ಬಹಳ ಮುಖ್ಯ. ನೀವು ಶೇಂಗಾ ಬೆಳೆಯುವವರು, ನಿಮಗೆ ಇದನ್ನು ಹೇಳುವುದು ಸುಲಭ. ಬಿತ್ತಿದ ಮೇಲೆ ಮಳೆ ಬರದಿದ್ದರೆ ಸಾಲಿನಲ್ಲಿ ಮೊಳಕೆಯೇ ಕಾಣುವುದಿಲ್ಲ. ಊಡು, ಅಂದರೆ ಕಾಯಿ ಕಟ್ಟುವ ಎಳೆ, ಮಣ್ಣಿಗೆ ಇಳಿಯುವ ಹೊತ್ತಲ್ಲಿ ಮಳೆ ಕೈಕೊಟ್ಟರೆ ಗಿಡ ಹಸಿರಾಗಿಯೇ ನಿಂತಿರುತ್ತದೆ, ಕಿತ್ತು ನೋಡಿದರೆ ಕಾಯಿ ಇರುವುದಿಲ್ಲ. ಕೊರತೆ ಒಂದೇ, ಮಳೆಯದ್ದು. ಯಾವ ಹೊತ್ತಲ್ಲಿ ಆಯಿತು ಅನ್ನುವುದರ ಮೇಲೆ ನಷ್ಟ ಬೇರೆಬೇರೆ. ಮಿದುಳಿನ ಬೆಳವಣಿಗೆಯೂ ಹೀಗೇ ಹಂತಹಂತವಾಗಿ ನಡೆಯುತ್ತದೆ.

ಗರ್ಭ ನಿಂತು 28 ದಿನ ಆಗುವುದರೊಳಗೆ ಮಿದುಳು ಮತ್ತು ಬೆನ್ನುಹುರಿ ಆಗಬೇಕಾದ ಕೊಳವೆ ಮುಚ್ಚಿಕೊಳ್ಳಬೇಕು. ಐದು-ಆರನೇ ವಾರದಲ್ಲಿ ಮುಂಭಾಗ ಎಡ ಮತ್ತು ಬಲ ಎಂದು ಎರಡು ಹೋಳಾಗಬೇಕು. 13ನೇ ಕ್ರೋಮೋಸೋಮ್ ಮೂರು ಇರುವ ಮಕ್ಕಳಲ್ಲಿ ಎಷ್ಟೋ ಸಲ ಈ ಹಂತವೇ ಕೆಡುತ್ತದೆ. ಮಿದುಳು ಎರಡಾಗದೆ ಒಂದೇ ಗೋಲವಾಗಿ ಉಳಿಯುತ್ತದೆ. ಮುಖದ ನಡುಭಾಗವೂ ಅದರ ಜೊತೆಗೇ ರೂಪುಗೊಳ್ಳುವುದರಿಂದ ಕಣ್ಣು, ಮೂಗು, ತುಟಿಯಲ್ಲೂ ಅದು ಕಾಣುತ್ತದೆ. ಆ ಮಕ್ಕಳಲ್ಲಿ ಹೆಚ್ಚಿನವರು ಒಂದು ವರ್ಷ ತುಂಬುವುದರೊಳಗೆ ತೀರಿಕೊಳ್ಳುತ್ತಾರೆ.

ಎರಡನೇ ತಿಂಗಳಿಂದ ನಾಲ್ಕನೇ ತಿಂಗಳವರೆಗೆ ನರಕೋಶಗಳು ಹುಟ್ಟುವ ಸುಗ್ಗಿ. ನಿಮಿಷಕ್ಕೆ ಲಕ್ಷಗಟ್ಟಲೆ ಹುಟ್ಟುತ್ತವೆ. ಆದರೆ ಹುಟ್ಟುವುದು ಮಿದುಳಿನ ಒಳಗೆ, ನೀರು ತುಂಬಿದ ಕೋಣೆಗಳ ಗೋಡೆಯಲ್ಲಿ. ವಾಸ ಇರಬೇಕಾದದ್ದು ಹೊರಗಿನ ಪದರದಲ್ಲಿ. ಮೂರನೇ ತಿಂಗಳಿಂದ ಐದನೇ ತಿಂಗಳವರೆಗೆ ಅವು ಒಳಗಿನಿಂದ ಹೊರಗೆ ಪ್ರಯಾಣ ಮಾಡುತ್ತವೆ. ದಾರಿಯುದ್ದಕ್ಕೂ ಹಗ್ಗ ಕಟ್ಟಿದ ಹಾಗೆ ಉದ್ದನೆಯ ಎಳೆಗಳು ಇರುತ್ತವೆ. ಅವನ್ನು ಹಿಡಿದು ಒಂದೊಂದೇ ಹತ್ತುತ್ತವೆ. ಹಿಂದೆ ಹೊರಟವು ಮುಂದೆ ಹೋದವನ್ನು ದಾಟಿ ಇನ್ನೂ ಮೇಲೆ ಹೋಗಿ ಕೂರುತ್ತವೆ. ನಾನು ಓದುವ ಕಾಲದಿಂದ ಇದನ್ನು ನೋಡಿ ಬೆರಗಾಗಿದ್ದೇನೆ, ಇವತ್ತಿಗೂ ಬೆರಗು ಹೋಗಿಲ್ಲ. 17ನೇ ಕ್ರೋಮೋಸೋಮಿನ ಗಿಡ್ಡ ತೋಳಿನ ತುದಿಯಲ್ಲಿ ಲಿಸ್-1 ಎಂಬ ಜೀನ್ ಇದೆ. ಕೋಶದ ನಡುವಿನ ಗುಂಡನ್ನು ಮುಂದಕ್ಕೆ ಎಳೆಯುವ ಕೆಲಸಕ್ಕೆ ಅದು ಬೇಕು. ಆ ತುದಿ ಇಲ್ಲದ ಮಕ್ಕಳಲ್ಲಿ ಪ್ರಯಾಣ ನಡುದಾರಿಯಲ್ಲೇ ನಿಲ್ಲುತ್ತದೆ. ಅಕ್ರೂಟಿನ ತಿರುಳಿನ ಹಾಗೆ ಮಡಿಕೆ ಮಡಿಕೆಯಾಗಿ ಇರಬೇಕಾದ ಮಿದುಳು ಬೋಳಾಗಿ, ನುಣ್ಣಗೆ ಉಳಿಯುತ್ತದೆ.

ನಿಮ್ಮ ಮಗನಿಗೆ ಆಗಿರುವುದು ಇವೆರಡೂ ಅಲ್ಲ. ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, 'ಮಿದುಳು ಬೆಳೆದಿಲ್ಲ' ಅನ್ನುವ ಮಾತು ಕೇಳಿದವರು ತಲೆಯೊಳಗೆ ಏನೂ ಇಲ್ಲ ಅಂದುಕೊಂಡುಬಿಡುತ್ತಾರೆ. ಅದು ನಿಜ ಅಲ್ಲ. ನೀವು ಬರೆದ ಎಂಆರ್‌ಐ ಮಾತಿನ ಪ್ರಕಾರ ಅವನ ಮಿದುಳು ಎರಡು ಹೋಳಾಗಿದೆ, ಎರಡರ ನಡುವಿನ ಸೇತುವೆ ತೆಳ್ಳಗಿದೆ. ಕಾರ್ಪಸ್ ಕಲೋಸಮ್ ಎಂದು ಬರೆದಿರುತ್ತಾರಲ್ಲ, ಅದೇ ಈ ಸೇತುವೆ. ದೊಡ್ಡವರಲ್ಲಿ ಅದರ ಮೂಲಕ ಸುಮಾರು 20 ಕೋಟಿ ನರದೆಳೆಗಳು ಆಚೆ ಈಚೆ ಹೋಗುತ್ತವೆ. 1ಪಿ36 ತೊಂದರೆಯಲ್ಲಿ ಈ ಸೇತುವೆ ತೆಳ್ಳಗಿರುವುದು, ಒಳಗಿನ ನೀರಿನ ಕೋಣೆಗಳು ಸ್ವಲ್ಪ ಅಗಲವಾಗಿರುವುದು, ಕೆಲವು ಕಡೆ ಮಡಿಕೆಗಳು ಪುಟ್ಟಪುಟ್ಟದಾಗಿ ಹೆಚ್ಚಾಗಿರುವುದು ಕಾಣುತ್ತದೆ. ಇನ್ನೊಂದು ವಿಷಯ. ನರದೆಳೆಗಳ ಮೇಲೆ ಕೊಬ್ಬಿನ ಹೊದಿಕೆ ಬೆಳೆಯಬೇಕು, ವೈರಿಗೆ ಪ್ಲಾಸ್ಟಿಕ್ ಸುತ್ತಿದ ಹಾಗೆ. ಎಲ್ಲ ಮಕ್ಕಳಲ್ಲೂ ಆ ಕೆಲಸ ಬಹುಪಾಲು ಹುಟ್ಟಿದ ಮೇಲೆಯೇ ನಡೆಯುವುದು. ಎಂಆರ್‌ಐನಲ್ಲಿ ಅದು ದೊಡ್ಡವರ ಹಾಗೆ ಕಾಣಲು ಎರಡು ವರ್ಷ ಬೇಕು. ಹಾಗಾಗಿ ಹಸುಗೂಸಿನ ಎಂಆರ್‌ಐ ನೋಡಿ ಇಪ್ಪತ್ತು ವರ್ಷದ ಭವಿಷ್ಯ ಹೇಳಲು ಯಾರಿಂದಲೂ ಆಗುವುದಿಲ್ಲ. ಹೋದ ತುಂಡಿನ ಉದ್ದ ನೋಡಿಯೂ ಹೇಳಲು ಆಗುವುದಿಲ್ಲ. ಸಣ್ಣ ತುಂಡು ಹೋದ ಮಗುವಿಗೆ ಹೆಚ್ಚು ಕಷ್ಟ, ದೊಡ್ಡ ತುಂಡು ಹೋದ ಮಗುವಿಗೆ ಕಡಿಮೆ ಕಷ್ಟ ಆಗಿರುವುದೂ ಉಂಟು.

ಸರಿಹೋಗುತ್ತಾನಾ ಎಂದು ಕೇಳಿದ್ದೀರಿ. ಸುಮ್ನೆ ಸಮಾಧಾನ ಹೇಳಿದರೆ ನಿಮಗೆ ಅನ್ಯಾಯ ಮಾಡಿದ ಹಾಗೆ. ಹೋದ ತುಂಡನ್ನು ವಾಪಸ್ ತರುವ ಔಷಧ ಇಲ್ಲ. ಅಲೋಪತಿಯಲ್ಲೂ ಇಲ್ಲ, ಬೇರೆ ಪದ್ಧತಿಯಲ್ಲೂ ಇಲ್ಲ. 'ಸ್ಟೆಮ್ ಸೆಲ್' ಎಂದು ಲಕ್ಷಗಟ್ಟಲೆ ಕೇಳುವವರು ಸಿಗುತ್ತಾರೆ, ಹೊಲ ಮಾರಬೇಡಿ. ನಿಮ್ಮ ಮಗ ಕುತ್ತಿಗೆ ನಿಲ್ಲಿಸುವುದು, ಕೂರುವುದು, ನಿಲ್ಲುವುದು ಎಲ್ಲ ತಡವಾಗಿ ಆಗುತ್ತದೆ. ಈ ಮಕ್ಕಳಲ್ಲಿ ಕೆಲವರು ಎರಡು ವರ್ಷದಿಂದ ಏಳು ವರ್ಷದ ನಡುವೆ ನಡೆಯುತ್ತಾರೆ, ಕಾಲು ಅಗಲ ಇಟ್ಟು. ಹೆಚ್ಚಿನವರಿಗೆ ಮಾತು ಬರುವುದಿಲ್ಲ ಅಥವಾ ಕೆಲವೇ ಪದ ಬರುತ್ತವೆ. ಕಲಿಕೆಯ ಕೊರತೆ ಉಳಿಯುತ್ತದೆ. ಆದರೆ ಮನೆಯವರನ್ನು ಗುರುತು ಹಿಡಿದು ನಗುತ್ತಾರೆ. ಬೇಕು ಬೇಡ ತೋರಿಸಲು ಕಲಿಯುತ್ತಾರೆ. ವರ್ಷದಿಂದ ವರ್ಷಕ್ಕೆ ಮುಂದಕ್ಕೇ ಹೋಗುತ್ತಾರೆ, ನಿಧಾನವಾಗಿ.

ಈಗ ನಾನು ನಿಜವಾಗಿ ಹೇಳಬೇಕಾದದ್ದು. ನಷ್ಟ ಎರಡು ಥರ. ಕ್ರೋಮೋಸೋಮ್ ಮಾಡಿದ ನಷ್ಟ ಒಂದು. ಅದು ಹುಟ್ಟುವ ಮೊದಲೇ ಆಗಿದೆ, ಅದನ್ನು ತೆಗೆಯಲು ಆಗುವುದಿಲ್ಲ. ಹುಟ್ಟಿದ ಮೇಲೆ ಅದರ ಮೇಲೆ ಬಂದು ಕೂರುವ ನಷ್ಟ ಇನ್ನೊಂದು. ನಿಲ್ಲದ ಫಿಟ್ಸ್, ಶ್ವಾಸಕೋಶಕ್ಕೆ ಹೋದ ಹಾಲು, ಯಾರೂ ಪರೀಕ್ಷಿಸದ ಕಿವಿ, ಕಣ್ಣು, ಥೈರಾಯ್ಡ್. ಇದನ್ನು ತಡೆಯಬಹುದು. ಹುಟ್ಟಿದಾಗ ಮಿದುಳಿನ ತೂಕ ಸುಮಾರು 350 ಗ್ರಾಂ. ವರ್ಷ ತುಂಬುವಷ್ಟರಲ್ಲಿ ಅದರ ಎರಡರಷ್ಟು ಆಗಿರುತ್ತದೆ. ಅಂದರೆ ಈ ಒಂದು ವರ್ಷ ಅವನ ಮಿದುಳಿಗೆ ಊಡು ಇಳಿಯುವ ಕಾಲ. ಎಷ್ಟೋ ಮನೆಗಳಲ್ಲಿ 'ಹೇಗೂ ಹುಟ್ಟಿನಿಂದ ಬಂದದ್ದು, ಏನು ಮಾಡಿದರೆ ಏನು' ಎಂದು ಕೈಬಿಡುತ್ತಾರೆ. ಕೆಲವು ಸಲ ವೈದ್ಯರೂ ಹಾಗೇ ಮಾಡುತ್ತಾರೆ. ನನಗೆ ಅತಿ ಹೆಚ್ಚು ಸಂಕಟ ಆಗುವುದು ಅದನ್ನು ಕಂಡಾಗಲೇ.

ಎಲ್ಲಕ್ಕಿಂತ ಮೊದಲು ಫಿಟ್ಸ್. ಈ ತೊಂದರೆ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಫಿಟ್ಸ್ ಬರುತ್ತದೆ. ಎಷ್ಟೋ ಮಕ್ಕಳಲ್ಲಿ ಔಷಧಕ್ಕೆ ನಿಲ್ಲುತ್ತದೆ. ನಿಮ್ಮ ಮಗುವಿಗೆ ಈಗಾಗಲೇ ಒಂದು ಸಲ ಬಂದಿದೆ. ಕೊಟ್ಟ ಔಷಧವನ್ನು ಒಂದು ಹೊತ್ತೂ ತಪ್ಪಿಸಬೇಡಿ. ಚೆನ್ನಾಗಿದ್ದಾನೆ ಅಂತ ನೀವೇ ನಿಲ್ಲಿಸಲೂ ಬೇಡಿ.

ಇನ್ನೊಂದು ಬಗೆಯ ಫಿಟ್ಸ್ ಇದೆ. ಅದು ಫಿಟ್ಸಿನ ಹಾಗೆ ಕಾಣುವುದೇ ಇಲ್ಲ. ಮೂರನೇ ತಿಂಗಳ ನಂತರ, ಹೆಚ್ಚಾಗಿ ನಾಲ್ಕರಿಂದ ಏಳು ತಿಂಗಳ ನಡುವೆ ಶುರುವಾಗುತ್ತದೆ. ಮಗು ನಿದ್ದೆಯಿಂದ ಎದ್ದ ಹೊತ್ತಲ್ಲಿ ಒಮ್ಮೆಲೇ ಬೆಚ್ಚಿ ಬಿದ್ದ ಹಾಗೆ ಕುತ್ತಿಗೆ ಮುಂದಕ್ಕೆ ಬಾಗುತ್ತದೆ, ಕೈ ಮೇಲೆ ಹೋಗುತ್ತದೆ ಅಥವಾ ಹೊಟ್ಟೆ ಹಿಡಿದ ಹಾಗೆ ಮುದುಡುತ್ತದೆ. ಒಂದು ಕ್ಷಣ ಅಷ್ಟೇ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ. ಹೀಗೆ ಹತ್ತು, ಇಪ್ಪತ್ತು ಸಲ ಸಾಲಾಗಿ ಬರುತ್ತದೆ. ಇನ್‌ಫಂಟೈಲ್ ಸ್ಪಾಸಮ್ ಅಂತ ಇದರ ಹೆಸರು. 1841ರಲ್ಲಿ ಇಂಗ್ಲೆಂಡಿನ ವೆಸ್ಟ್ ಎಂಬ ವೈದ್ಯರು ತಮ್ಮ ಸ್ವಂತ ಮಗನಲ್ಲಿ ಇದನ್ನು ನೋಡಿ ಮೊದಲು ಬರೆದರು. ನಮ್ಮ ಕಡೆ ಇದನ್ನು ಹೊಟ್ಟೆನೋವು ಅನ್ನುತ್ತಾರೆ, ಹೆದರಿಕೆ ಅನ್ನುತ್ತಾರೆ, ಬಾಲಗ್ರಹ ಅನ್ನುತ್ತಾರೆ. ತಾಯತ ಕಟ್ಟುವುದು, ಕೆಲವು ಕಡೆ ಬರೆ ಹಾಕುವುದೂ ಇದೆ. ದಯವಿಟ್ಟು ಬರೆ ಮಾತ್ರ ಹಾಕಿಸಬೇಡಿ. ಸುಟ್ಟ ಗಾಯದ ಸೋಂಕು ಇಂಥ ಮಗುವಿನ ಜೀವಕ್ಕೇ ಎರವಾಗುತ್ತದೆ.

ಜಗಳೂರು ಕಡೆಯ ಒಂದು ಮಗುವನ್ನು ನಾನು ಮರೆಯಲಾರೆ. ಅದಕ್ಕೆ ಇದೇ ಬೆಚ್ಚುವಿಕೆ ಎರಡು ತಿಂಗಳಿಂದ ಇತ್ತು. ಅಮ್ಮ ತೋರಿಸಿದ ಕಡೆಯೆಲ್ಲ ಗ್ರೈಪ್ ವಾಟರ್ ಬರೆದುಕೊಟ್ಟಿದ್ದರು. ನನ್ನ ಹತ್ತಿರ ಬರುವಷ್ಟರಲ್ಲಿ ಮಗು ನಗುವುದನ್ನು ನಿಲ್ಲಿಸಿತ್ತು. ಮೊದಲು ಅಮ್ಮನ ಮುಖ ನೋಡುತ್ತಿದ್ದುದು ಈಗ ನೋಡುತ್ತಿರಲಿಲ್ಲ. ಔಷಧ ಕೊಟ್ಟ ಮೇಲೆ ಬೆಚ್ಚುವಿಕೆ ನಿಂತಿತು. ಆದರೆ ಆ ಎರಡು ತಿಂಗಳಲ್ಲಿ ಕಳೆದುಕೊಂಡದ್ದೆಲ್ಲ ವಾಪಸ್ ಬರಲಿಲ್ಲ. ಆ ಅಮ್ಮ ಮೊದಲ ವಾರವೇ ಸರಿಯಾಗಿ ಗಮನಿಸಿದ್ದರು. ಅವರ ಮಾತನ್ನು ಯಾರೂ ಕೇಳಿರಲಿಲ್ಲ.

ಹಾಗಾಗಿ ಅನುಮಾನ ಬಂದರೆ ಫೋನಿನಲ್ಲಿ ವಿಡಿಯೊ ಮಾಡಿ. ಒಂದು ನಿಮಿಷದ ವಿಡಿಯೊ ಸಾಕು. ಅದನ್ನು ತೋರಿಸಿ ಇಇಜಿ, ಅಂದರೆ ಮಿದುಳಿನ ವಿದ್ಯುತ್ ಅಲೆಗಳ ಪರೀಕ್ಷೆ, ಮಾಡಿಸಿ ಎಂದು ನೀವೇ ಕೇಳಿ. ಇದಕ್ಕೆ ಎಸಿಟಿಎಚ್ ಇಂಜೆಕ್ಷನ್, ಪ್ರೆಡ್ನಿಸಲೋನ್, ವಿಗಾಬಾಟ್ರಿನ್ ಎಂಬ ಔಷಧಗಳಿವೆ. ಅದರಲ್ಲಿ ಪ್ರೆಡ್ನಿಸಲೋನ್ ದುಬಾರಿ ಅಲ್ಲ. ಎಲ್ಲಕ್ಕೂ ಅಡ್ಡ ಪರಿಣಾಮ ಇದೆ, ವೈದ್ಯರ ಕಣ್ಗಾವಲಲ್ಲೇ ಕೊಡಬೇಕು. ತಿಂಗಳು ಬಿಟ್ಟು ತೋರಿಸೋಣ ಅನ್ನುವ ಕಾಯಿಲೆ ಇದಲ್ಲ. ಮಾರನೇ ದಿನವೇ ಹೊರಡಬೇಕು.

ಎರಡನೆಯದು ಹಾಲು. ಮೈ ಮೆತ್ತಗಿರುವ ಮಗುವಿನ ಗಂಟಲೂ ಮೆತ್ತಗಿರುತ್ತದೆ. ನುಂಗುವಾಗ ಹಾಲು ಶ್ವಾಸಕೋಶದ ಕಡೆ ಜಾರುತ್ತದೆ. ಮಲಗಿಸಿ ಒಳಲೆಯಲ್ಲಿ ಹಾಲು ಸುರಿಯುವುದು ನಮ್ಮ ಅಜ್ಜಿಯರ ಪದ್ಧತಿ. ಗಟ್ಟಿ ಮಗು ಹೇಗೋ ತಡೆದುಕೊಳ್ಳುತ್ತದೆ, ನಿಮ್ಮ ಮಗು ತಡೆದುಕೊಳ್ಳುವುದಿಲ್ಲ. ತಲೆ ಎತ್ತರ ಮಾಡಿ, ಅರ್ಧ ಕೂರಿಸಿದ ಹಾಗೆ ಹಿಡಿದು, ನಿಧಾನವಾಗಿ ಕುಡಿಸಿ. ಕುಡಿಯುವಾಗ ಕೆಮ್ಮಿದರೆ, ಮುಖ ನೀಲಿ ಆದರೆ, ಪದೇಪದೇ ಕಫ ಕಟ್ಟಿದರೆ ನುಂಗುವ ತರಬೇತಿ ಕೊಡುವವರಿಗೆ ತೋರಿಸಬೇಕು. ಕೆಲವು ತಿಂಗಳು ಟ್ಯೂಬಿನಲ್ಲಿ ಹಾಲು ಕೊಡಬೇಕಾಗಿ ಬಂದರೆ ಹೆದರಬೇಡಿ. ಹೊಟ್ಟೆ ತುಂಬದ ಮಗುವಿನ ಮಿದುಳು ಬೆಳೆಯುವುದು ಹೇಗೆ?

ಸ್ನಾನ ಮಾಡಿಸುವ ಅಜ್ಜಿಗೂ ಒಂದು ವಿನಂತಿ. ಎಣ್ಣೆ ಹಚ್ಚಿ, ಬಿಸಿನೀರು ಹಾಕಿ, ಬೇಡ ಅನ್ನುವುದಿಲ್ಲ. ಮುಟ್ಟುವುದು, ತೀಡುವುದು ಮಗುವಿಗೆ ಒಳ್ಳೆಯದೇ. ಆದರೆ ಮೂಗಿಗೆ, ಕಿವಿಗೆ ಎಣ್ಣೆ ಬಿಡಬೇಡಿ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಬರುವ ನ್ಯುಮೋನಿಯ ಬಹಳ ಕೆಟ್ಟದ್ದು. ಸಾಂಬ್ರಾಣಿ ಹೊಗೆ ಬೇಡ. ಕುತ್ತಿಗೆಗೆ ಕೈ ಆಸರೆ ಯಾವಾಗಲೂ ಇರಲಿ. ನೆತ್ತಿ ಅಗಲವಾಗಿದೆ, ಇನ್ನೂ ಮುಚ್ಚಿಲ್ಲ ಅಂತ ಅವರು ಹೇಳಬಹುದು. ಈ ಮಕ್ಕಳಿಗೆ ನೆತ್ತಿ ತಡವಾಗಿಯೇ ಮುಚ್ಚುತ್ತದೆ. ಅದನ್ನು ಒತ್ತಿ ಕೂಡಿಸಲು ಹೋಗಬಾರದು.

ಮೂರನೆಯದು ಪರೀಕ್ಷೆಗಳು. ಕಿವಿಗೆ ಬೆರಾ ಎಂಬ ಪರೀಕ್ಷೆ ಇದೆ. ಮಗು ಮಲಗಿದ್ದಾಗ ಮಾಡುತ್ತಾರೆ, ನೋವಿಲ್ಲ. ಕಿವುಡು ಇದ್ದರೆ ಮೂರು ತಿಂಗಳಿಗೆ ಗೊತ್ತಾಗಬೇಕು, ಆರು ತಿಂಗಳಿಗೆ ಯಂತ್ರ ಹಾಕಬೇಕು. ನಿಮಗೆ ಅದು ಈ ವಾರವೇ ಆಗಬೇಕಾದ ಕೆಲಸ. ಕೇಳಿಸದ ಮಗುವಿಗೆ ಬುದ್ಧಿ ಇಲ್ಲ ಅಂತ ತೀರ್ಮಾನ ಮಾಡಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಕಣ್ಣಿನ ವೈದ್ಯರಿಗೂ ತೋರಿಸಿ. ಮೆಳ್ಳೆಗಣ್ಣು, ದೊಡ್ಡ ನಂಬರು ಇವರಲ್ಲಿ ಸಾಮಾನ್ಯ, ಹಸುಗೂಸಿಗೂ ಕನ್ನಡಕ ಹಾಕಬಹುದು. ಕೆಲವರಿಗೆ ಥೈರಾಯ್ಡ್ ಕಡಿಮೆ ಇರುತ್ತದೆ. ಅದನ್ನು ಬಿಟ್ಟರೆ ಮಿದುಳಿಗೆ ಇನ್ನೊಂದು ಪೆಟ್ಟು ಬೀಳುತ್ತದೆ, ಹಿಡಿದರೆ ದಿನಕ್ಕೊಂದು ಅಗ್ಗದ ಮಾತ್ರೆ. ಹೃದಯದ ಎಕೋ ಖಂಡಿತ ಮಾಡಿಸಿ. ಹುಟ್ಟಿನ ತೂತುಗಳು ಅಲ್ಲದೆ, ಸುಮಾರು ನಾಲ್ಕರಲ್ಲಿ ಒಂದು ಮಗುವಿಗೆ ಹೃದಯದ ಸ್ನಾಯುವಿನದೇ ತೊಂದರೆ ಇರುತ್ತದೆ. ಒಂದು ಸಲ ನಾರ್ಮಲ್ ಬಂತು ಅಂತ ಬಿಡದೆ ವೈದ್ಯರು ಹೇಳಿದಾಗ ಮತ್ತೆ ಮಾಡಿಸಬೇಕು. ತಲೆಯ ಸುತ್ತಳತೆಯನ್ನು ತಿಂಗಳಿಗೊಮ್ಮೆ ಅಳತೆ ಮಾಡಿಸಿ ಬರೆದಿಡಿ, ತಾಯಿ ಕಾರ್ಡಿನ ಜೊತೆಗೇ ಇಟ್ಟುಕೊಳ್ಳಿ.

ಇದಕ್ಕೆಲ್ಲ ಎಲ್ಲಿಗೆ ಓಡುವುದು ಅನ್ನುತ್ತೀರಿ. ಎಲ್ಲದಕ್ಕೂ ಬೆಂಗಳೂರಿಗೆ ಹೋಗಬೇಕಿಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ಉಚಿತವಾಗಿ ನೋಡುತ್ತಾರೆ. ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ, ಜಿಲ್ಲೆಯ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಚೀಟಿ ಕೊಡಿಸುತ್ತಾರೆ. ದಾವಣಗೆರೆಯಲ್ಲಿ ಬಾಪೂಜಿ ಮಕ್ಕಳ ಆಸ್ಪತ್ರೆ ಇದೆ. ಅಂಗವಿಕಲರಿಗಾಗಿ ಕೇಂದ್ರ ಸರ್ಕಾರದ ಸಿಆರ್‌ಸಿ ಇದೆ, ಅಲ್ಲಿ ಫಿಸಿಯೋಥೆರಪಿ, ಮಾತಿನ ತರಬೇತಿ ಸಿಗುತ್ತದೆ. ಕಿವಿ ಮತ್ತು ಮಾತಿನ ವಿಷಯಕ್ಕೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ. ಫಿಟ್ಸ್ ಹಿಡಿತಕ್ಕೆ ಬರದಿದ್ದರೆ ಮಾತ್ರ ನಿಮ್ಹಾನ್ಸ್‌ಗೋ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಗೋ ಹೋಗಿ. ಥೆರಪಿಯನ್ನು ವಾರಕ್ಕೊಮ್ಮೆ ಅಲ್ಲಿ ಮಾಡಿಸಿದರೆ ಸಾಲದು. ಅಲ್ಲಿ ಕಲಿತು ಬಂದು ದಿನಕ್ಕೆ ನಾಲ್ಕಾರು ಸಲ ಮನೆಯಲ್ಲಿ ಮಾಡಬೇಕು. ಎಚ್ಚರ ಇದ್ದಾಗ ಎದೆ ಮೇಲೆ ಬೋರಲು ಮಲಗಿಸಿಕೊಂಡು ಮಾತಾಡಿಸುವುದೂ ಥೆರಪಿಯೇ. ಅಪ್ಪನೂ ಮಾಡಬಹುದು.

ಇನ್ನು ಸಂಬಂಧದ ಮದುವೆ. ಇದರಲ್ಲಿ ಎರಡು ವಿಷಯ ಕಲಸಿಹೋಗಿವೆ, ಬಿಡಿಸಿ ಹೇಳುತ್ತೇನೆ. ಸೋದರಮಾವನನ್ನು ಮದುವೆಯಾದರೆ ಮಕ್ಕಳಿಗೆ ಕೆಲವು ಕಾಯಿಲೆಗಳ ಅಪಾಯ ಜಾಸ್ತಿ, ಅದು ನಿಜ. ಅಜ್ಜ-ಅಜ್ಜಿಯಿಂದ ಬಂದ ಒಂದೇ ಕೆಟ್ಟ ಜೀನ್ ಇಬ್ಬರಲ್ಲೂ ಅಡಗಿದ್ದರೆ, ಮಗುವಿಗೆ ಎರಡೂ ಕಡೆಯಿಂದ ಅದೇ ಬರುತ್ತದೆ. ಅಂಥದ್ದಾದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ನಮ್ಮ ದಾವಣಗೆರೆ, ಚಿತ್ರದುರ್ಗದ ಕಡೆ ನಾನು ಅಂಥ ಕಾಯಿಲೆಗಳನ್ನು ಸಾಕಷ್ಟು ನೋಡುತ್ತೇನೆ. ಆದರೆ ನಿಮ್ಮ ಮಗುವಿಗೆ ಆಗಿರುವುದು ಅದಲ್ಲ. ಇಲ್ಲಿ ಒಂದೇ ಕ್ರೋಮೋಸೋಮಿನ ತುದಿ ಹೋಗಿದೆ. ಊರಾಚೆಯ ಹೆಣ್ಣನ್ನು ತಂದಿದ್ದರೂ ಇದು ಆಗಬಹುದಿತ್ತು. ನಿಮ್ಮ ಅಕ್ಕನೂ ಹೆಣ್ಣು ಕೊಟ್ಟು ತಪ್ಪು ಮಾಡಿದೆ ಅಂತ ಕೊರಗುತ್ತಿರಬಹುದು, ಅವರಿಗೂ ಇದನ್ನು ಓದಿ ಹೇಳಿ.

ಮುಂದಿನ ಮಗುವಿನ ವಿಷಯಕ್ಕೆ ಒಂದು ಪರೀಕ್ಷೆ ಬಾಕಿ ಇದೆ. ಮಗುವಿಗೆ ಮಾಡಿರುವುದು ಬಹುಶಃ ಮೈಕ್ರೋಅರೇ. ತುಂಬ ಸಣ್ಣ ತುಂಡು ಕಾಣೆಯಾಗಿದ್ದರೂ ಅದು ಹಿಡಿಯುತ್ತದೆ. ಆದರೆ ನಿಮ್ಮಿಬ್ಬರಿಗೆ ಅದನ್ನೇ ಮಾಡಿಸಿದರೆ ಪ್ರಯೋಜನ ಇಲ್ಲ. ಯಾಕೆ? ಕೆಲವು ಅಪ್ಪ ಅಥವಾ ಅಮ್ಮನಲ್ಲಿ ಒಂದನೇ ಕ್ರೋಮೋಸೋಮಿನ ತುದಿ ಮುರಿದು ಇನ್ನೊಂದು ಕ್ರೋಮೋಸೋಮಿಗೆ ಅಂಟಿಕೊಂಡಿರುತ್ತದೆ. ಎಲ್ಲ ಇದೆ, ಜಾಗ ಮಾತ್ರ ಬದಲು. ಅವರು ಪೂರ್ತಿ ಆರೋಗ್ಯವಾಗಿರುತ್ತಾರೆ. ಮಗುವಿಗೆ ಹಂಚುವಾಗ ಒಂದು ತುಂಡು ತಪ್ಪಿಹೋಗುತ್ತದೆ. ಮೈಕ್ರೋಅರೇ ತುಂಡುಗಳನ್ನು ಎಣಿಸುತ್ತದೆ ಅಷ್ಟೇ, ಯಾವುದು ಎಲ್ಲಿದೆ ಅಂತ ನೋಡುವುದಿಲ್ಲ. ಅದಕ್ಕೆ ಕ್ರೋಮೋಸೋಮುಗಳನ್ನೇ ಸೂಕ್ಷ್ಮದರ್ಶಕದಲ್ಲಿ ನೋಡುವ ಕ್ಯಾರಿಯೋಟೈಪ್ ಪರೀಕ್ಷೆ ಬೇಕು, ತುಂಡು ಸಣ್ಣದಾದರೆ ಜೊತೆಗೆ ಫಿಶ್ ಎಂಬ ಪರೀಕ್ಷೆ ಬೇಕು. ಇದಕ್ಕೆ ರಕ್ತದ ಕೋಶಗಳು ಜೀವಂತ ಇರಬೇಕು. ಹಾಗಾಗಿ ಹಸಿರು ಮುಚ್ಚಳದ ಬಾಟಲಿಯಲ್ಲಿ ತೆಗೆದು, ಫ್ರೀಜ್ ಮಾಡದೆ, ಬೇಗ ಕಳಿಸಬೇಕು. ಸ್ಯಾಂಪಲ್ ಕೆಟ್ಟಿತು ಅಂತ ವಾಪಸ್ ಬರುವುದು ನಮ್ಮ ಕಡೆ ಆಗಾಗ ಆಗುತ್ತದೆ, ಅದಕ್ಕೇ ಇಷ್ಟು ವಿವರ ಬರೆದೆ. ನೀವು ಒಂದೇ ಮನೆತನದವರಾದ್ದರಿಂದ ಇಬ್ಬರೂ ಮಾಡಿಸಬೇಕು. ಯಾರಲ್ಲಾದರೂ ಜಾಗ ಬದಲಾಗಿರುವುದು ಕಂಡರೆ ನಿಮ್ಮ ಒಡಹುಟ್ಟಿದವರಿಗೂ ಹೇಳಬೇಕಾಗುತ್ತದೆ.

ಇಬ್ಬರದೂ ಸರಿ ಇದ್ದರೆ ಮುಂದಿನ ಮಗುವಿಗೆ ಇದೇ ಆಗುವ ಸಾಧ್ಯತೆ ನೂರರಲ್ಲಿ ಒಂದಕ್ಕಿಂತ ಕಡಿಮೆ. ಹೆಚ್ಚಿನ ಮನೆಗಳಲ್ಲಿ ಫಲಿತಾಂಶ ಹೀಗೇ ಬರುತ್ತದೆ. ಒಬ್ಬರಲ್ಲಿ ಜಾಗ ಬದಲಾಗಿದ್ದರೆ ಅಪಾಯ ಗಣನೀಯ. ಎರಡೂ ಸಂದರ್ಭದಲ್ಲಿ ಮುಂದಿನ ಬಸಿರಿನಲ್ಲಿ ಪರೀಕ್ಷೆಗೆ ದಾರಿ ಇದೆ. 11ರಿಂದ 13 ವಾರದ ನಡುವೆ ಕಸದ (ಮಾಸು, ಪ್ಲಾಸೆಂಟಾ) ಚೂರು ತೆಗೆದು, ಅಥವಾ 16 ವಾರದ ಹೊತ್ತಿಗೆ ಗರ್ಭದ ನೀರು ತೆಗೆದು ನೋಡಬಹುದು. ವರದಿ ಬರಲು ಕೆಲವು ವಾರ ಹಿಡಿಯುವುದರಿಂದ, ಬಸುರಿ ಎಂದು ಗೊತ್ತಾದ ತಕ್ಷಣ ಬನ್ನಿ. ಸ್ಕ್ಯಾನಿಂಗ್ ಚೆನ್ನಾಗಿದೆ ಎಂದು ಸುಮ್ಮನಿರಬೇಡಿ, 1ಪಿ36 ಎಷ್ಟೋ ಸಲ ಸ್ಕ್ಯಾನಿನಲ್ಲಿ ಕಾಣುವುದೇ ಇಲ್ಲ. ಸಂಬಂಧದ ಮದುವೆಯಿಂದ ಬರುವ ಬೇರೆ ಕಾಯಿಲೆಗಳ ಅಪಾಯ ಹೇಗೂ ಇರುವುದರಿಂದ, ಜೆನೆಟಿಕ್ ಕೌನ್ಸೆಲಿಂಗ್ ಮಾಡುವವರ ಹತ್ತಿರ ಒಮ್ಮೆ ಕೂತು ಮಾತಾಡಿ. ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರದಲ್ಲಿ ಮತ್ತು ಮಣಿಪಾಲದಲ್ಲಿ ಈ ವ್ಯವಸ್ಥೆ ಇದೆ.

ಕೊನೆಗೆ ನಾಮಕರಣ. ಮುಂದಕ್ಕೆ ಹಾಕಬೇಡಿ. ನಿಮ್ಮ ಫೈಲ್ ತೆಗೆದು ನೋಡಿ, ಎಲ್ಲ ಚೀಟಿಯ ಮೇಲೂ 'ಬೇಬಿ ಆಫ್' ಎಂದು ಬರೆದು ಅಮ್ಮನ ಹೆಸರು ಹಾಕಿರುತ್ತಾರೆ. ಮೂರು ತಿಂಗಳಿಂದ ಅವನಿಗೆ ಅದೇ ಹೆಸರು. ಜನನ ಪ್ರಮಾಣಪತ್ರದಲ್ಲಿ ಹೆಸರು ಸೇರಿದರೆ ಆಧಾರ್ ಆಗುತ್ತದೆ. ಮುಂದೆ ಅಂಗವಿಕಲರ ಯುಡಿಐಡಿ ಕಾರ್ಡಿಗೆ, ಅದರ ಮೇಲೆ ಸಿಗುವ ನಿರಾಮಯ ವಿಮೆಗೆ ಎಲ್ಲ ಕಡೆ ಅವನ ಹೆಸರೇ ಬೇಕು. ಹತ್ತಿರದ ಒಂದು ಒಳ್ಳೆಯ ದಿನ ನೋಡಿ ತೊಟ್ಟಿಲಿಗೆ ಹಾಕಿ. ಮನೆ ತುಂಬ ಜನ ಬಂದರೆ ಕೆಮ್ಮು-ನೆಗಡಿ ಇರುವವರು ಮಗುವನ್ನು ಎತ್ತಿಕೊಳ್ಳುವುದು ಬೇಡ. ಗದ್ದಲದಲ್ಲಿ ಬೆಳಗಿನ ಫಿಟ್ಸ್ ಔಷಧದ ಹೊತ್ತು ತಪ್ಪದಿರಲಿ. ಹೆಸರು ಕರೆಯುವಾಗ ಅವನ ಮುಖಕ್ಕೆ ಒಂದು ಗೇಣು ಹತ್ತಿರ ಬಂದು, ಬೆಳಕು ನಿಮ್ಮ ಮುಖದ ಮೇಲೆ ಬೀಳುವ ಹಾಗೆ ಕೂತು, ನಿಧಾನವಾಗಿ ಕರೆಯಿರಿ. ಅಷ್ಟು ಹತ್ತಿರ ಬಂದರೆ ಅವನಿಗೆ ನಿಮ್ಮ ಮುಖ ಕಾಣುವ ಸಾಧ್ಯತೆ ಹೆಚ್ಚು. ಬೆರಾ ರಿಪೋರ್ಟ್ ಮತ್ತು ಅವನ ಹೆಸರು, ಎರಡನ್ನೂ ನನಗೆ ಬರೆದು ಕಳಿಸಿ.